ಬ್ರೇಕ್ ಫೇಲಾದ ಬಸ್ಸಿನ ಕಥೆ

“ಬ್ರೇಕ್ ಹಿಡೀಲಿಲ್ಲ ಅಳಿಯಂದ್ರೇ, ಎದುರಿಗೆ ಪ್ರಪಾತ! ಆಗ ನಾನು...” ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಿದ್ದ ನಿವೃತ್ತ ಡ್ರೈವರನ ಕೈ ಹಾಗೇ ನಿಂತುಬಿಟ್ಟಿತು. ಮುಂದೇನಾಯಿತೆಂದು ಅವನಿಗೆ ನೆನಪೇ ಆಗಲಿಲ್ಲ. ಈಚೆಗೆ ಹೀಗೇ ಆಗುತ್ತಿತ್ತು.

ಹೊಸ ಅಳಿಯ ಬಾಯಿ ತೆರೆದು ಕಾಯುತ್ತಿದ್ದ. ಡ್ರೈವರ್ ಹೆದರಿ ಅಡುಗೆಮನೆಯತ್ತ ನೋಡಿದ. ತನ್ನ ಮದುವೆಯಾದಾಗಿನಿಂದ ಈ ಕಥೆ ಶುರುವಾದಾಗಲೆಲ್ಲ ಅಲ್ಲಿಂದ ಹೆಂಡತಿಯ ಮಾತು ತೂರಿ ಬರುತ್ತಿತ್ತು: “ಈ ಮನುಷ್ಯ ಬಸ್ಸು ಓಡಿಸಿದ್ದಕ್ಕಿಂತ ರೈಲು ಬಿಟ್ಟಿದ್ದೇ ಜಾಸ್ತಿ. ಬ್ರೇಕೂ ಹೋಗಿರ್ಲಿಲ್ಲ, ಪ್ರಪಾತಾನೂ ಇರ್ಲಿಲ್ಲ!”

ಇವತ್ತು ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನಿಗೆ ಒತ್ತಿಕೊಂಡೇ ಕೂತಳು.

“ಆಗ ಇವ್ರು ಬಸ್ಸನ್ನ ಗುಡ್ಡಕ್ಕೆ ಒರಗಿಸಿ ನಿಲ್ಲಿಸಿಬಿಟ್ರು ಕಣ್ರೀ. ನಂಗ್ಹೇಗೆ ಗೊತ್ತು ಅಂತೀರಾ? ಇವ್ರ ಸೀಟಿನ ಹಿಂದೇನೇ ಕೂತಿದ್ದೆ ನಾನು!”