ಬಾಯಿ ತೆರೆದವಳ ಫೋಟೋ

"ಇದು ನೀನೇ ತಾನೆ?" ಮನೆಯೊಡತಿ ಪತ್ರಿಕೆಯನ್ನು ಹೊಲಿಗೆ ಯಂತ್ರದ ಮೇಲೆಯೇ ಹರಡಿದಳು.

ಬಾಡಿಗೆ ಕೋಣೆಯ ದರ್ಜಿ ಹೆಂಗಸು ಯಂತ್ರ ತುಳಿಯುತ್ತಿದ್ದ ಕಾಲು ನಿಲ್ಲಿಸಿ ನೋಡಿದಳು. ಅವಳೇ. ಗಡಿಯ ಬೇಲಿ, ಕಂಕುಳಲ್ಲಿ ಮಗು, ಎತ್ತಿದ ಕೈ, ಇಷ್ಟಗಲ ತೆರೆದ ಬಾಯಿ. ಕೆಳಗೆ ದಪ್ಪಕ್ಷರದಲ್ಲಿ: 'ನುಗ್ಗಿ ಬಂದವರ ಅಬ್ಬರ'. ಕಳೆದ ವರ್ಷ ಯುದ್ಧಕ್ಕೆ ಹೆದರಿ ಗಡಿ ದಾಟಿದಾಗಿನ ಚಿತ್ರ. ನಿನ್ನೆ ಪೇಟೆಯಲ್ಲಿ ಯಾರೋ ವಲಸಿಗರು ಹೊಡೆದಾಡಿಕೊಂಡಿದ್ದರು. ಸುದ್ದಿಗೊಂದು ಮುಖ ಬೇಕಿತ್ತು, ಪತ್ರಿಕೆಯವರ ಹಳೆಯ ರಾಶಿಯಲ್ಲಿ ಇವಳು ಸಿಕ್ಕಿದ್ದಳು.

"ಅಕ್ಕಾ, ಅದು ಆಕಳಿಕೆ."

"ಏನಂದೆ?"

"ಆಕಳಿಸ್ತಾ ಇದ್ದೆ. ಎಷ್ಟೋ ರಾತ್ರಿಯಿಂದ ನಿದ್ದೆ ಇರಲಿಲ್ಲ. ಬಾಯಿಗೆ ಅಡ್ಡ ಹಿಡಿಯೋಕೆ ಕೈ ಎತ್ತಿದ್ದೆ, ಅಷ್ಟರಲ್ಲಿ ಫೋಟೋದವನು ಕ್ಲಿಕ್ ಮಾಡಿಬಿಟ್ಟ."

ಆ ಚಿತ್ರ ದೇಶದೇಶಕ್ಕೆ ಮಾರಾಟವಾಗಿತ್ತು. ಇನ್ನೊಂದು ದೇಶ ಸೇರಿದ್ದ ತಂಗಿ ಆಗಲೇ ಫೋನಿನಲ್ಲಿ ಹೇಳಿದ್ದಳು: ಅಲ್ಲಿನ ಪತ್ರಿಕೆ ಅದನ್ನು 'ತಾಯಿಯ ಆಕ್ರಂದನ' ಎಂದು ಹಾಕಿತ್ತಂತೆ, ಜನ ಕಣ್ಣೊರೆಸಿಕೊಂಡು ಕಂಬಳಿ ಕೊಟ್ಟಿದ್ದರಂತೆ. ಒಂದೇ ಬಾಯಿ, ದೇಶಕ್ಕೊಂದು ಮಾತು! ಕಂಬಳಿಯಂತೂ ಇವಳ ತನಕ ಬರಲಿಲ್ಲ.

ಒಡತಿ ಕೆಟ್ಟವಳೇನಲ್ಲ. ಮಗುವಿಗೆ ಜ್ವರ ಬಂದಾಗ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವಳು. ಅವಳ ಮುಂದಿನ ಮಾತು ಹೆಚ್ಚು ನೋಯಿಸಿದ್ದೂ ಅದಕ್ಕೇ.

"ನಾನು ನಂಬ್ತೀನಮ್ಮ. ಆದ್ರೆ ಬೀದಿಯವರು ಬೆಳಗಿಂದ ಬಾಗಿಲು ಬಡೀತಿದಾರೆ. ಪೇಪರ್‌ನಲ್ಲಿ ಬಂದಿದ್ದು ಸುಳ್ಳು ಅಂತ ಎಷ್ಟು ಜನಕ್ಕೆ ಹೇಳ್ಲಿ? ನಾಳೆಯೊಳಗೆ ಕೋಣೆ ಖಾಲಿ ಮಾಡ್ಬಿಡು. ಬೇಜಾರು ಮಾಡ್ಕೋಬೇಡ."

ಸಂಜೆ ಬಟ್ಟೆಬರೆ ಗಂಟು ಕಟ್ಟುತ್ತಿದ್ದಾಗ ಊರಿನಿಂದ ಅಮ್ಮನ ಫೋನು ಬಂತು.

"ಇಲ್ಲಿ ಪೇಪರ್‌ನಲ್ಲಿ ನಿನ್ನ ಫೋಟೋ ಬಂದಿದೆ ಕಣೇ. ದೇಶ ಬಿಟ್ಟು ಓಡಿದವರು ಅನ್ನಕ್ಕೆ ಬಾಯಿ ಬಾಯಿ ಬಿಡ್ತಿದಾರೆ ಅಂತ ಬರೆದಿದಾರೆ. ನಿಜ ಹೇಳು, ಊಟ ಮಾಡ್ತಿದೀಯಾ?" ಅಮ್ಮನ ದನಿಯ ಹಿಂದೆ ಏನೋ ಢಮಾರೆಂದು ಸಿಡಿಯಿತು. ಅಮ್ಮ ಅದಕ್ಕಾಗಿ ಮಾತು ನಿಲ್ಲಿಸಲೂ ಇಲ್ಲ.

"ಅಯ್ಯೋ ಅಮ್ಮಾ, ಅದು ಬರೀ ಆಕಳಿಕೆ!"

ಆ ಕಡೆ ಅಮ್ಮ ಅಳುತ್ತಲೇ ನಕ್ಕಳು.

"ಆಕಳಿಕೆನಾ? ಸದ್ಯ, ಬದುಕಿದೆ ನಾನು. ಭಯ ಇಲ್ಲದೋರಿಗೆ ತಾನೆ ಆಕಳಿಕೆ ಬರೋದು. ಹಾಗಾದ್ರೆ ನಿಂಗೆ ಅಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡೋಕೆ ಒಂದು ಜಾಗ ಸಿಕ್ಕಿದೆ ಅಂತಾಯ್ತು."

"ಹೂಂ ಅಮ್ಮಾ," ಎಂದಳು ಅವಳು, ಕಟ್ಟಿದ ಗಂಟಿನ ಮೇಲೆ ಕೂತು.