ಮೂರನೆಯ ಬಾಯಿ

ಶಂಕರ ಮೇಷ್ಟ್ರು ತಾವೇ ಕಟ್ಟಿದ ಅರವತ್ತೆರಡು ಪದಗಳ ಪಟ್ಟಿಯನ್ನು ಲಾವಣ್ಯಾಳ ಮುಂದಿಟ್ಟು ಸೋಫಾದಲ್ಲಿ ನೆಟ್ಟಗೆ ಕೂತರು. ದೆಹಲಿ ಕನ್ನಡಿಗರ ಆಡುಮಾತಿನ ನಿಘಂಟಿಗೆ ಪದ ಹುಡುಕುತ್ತ ಆ ಹುಡುಗಿ ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ಹದಿನಾಲ್ಕನೇ ಮಹಡಿಯ ಅವರ ಮನೆಯವರೆಗೂ ಬಂದಿದ್ದಳು. ನಿಘಂಟಿನಲ್ಲಿ ಒಮ್ಮೆಯಾದರೂ ತಮ್ಮ ಹೆಸರು ಅಚ್ಚಾಗಬೇಕೆಂಬುದು ಮೂವತ್ತು ವರ್ಷ ಕನ್ನಡ ಕಲಿಸಿದ ಮೇಷ್ಟ್ರ ಆಸೆ.

"ಫ್ರಿಜ್ಜಿಗೆ ಶೀತಲಪೆಟ್ಟಿಗೆ, ಲಿಫ್ಟಿಗೆ ಏರುಕೋಣೆ..." ಓದುತ್ತ ಲಾವಣ್ಯಾ ತಲೆ ಕೆರೆದುಕೊಂಡಳು. "ಸರ್, ಇವನ್ನೆಲ್ಲ ಯಾರು ಆಡ್ತಾರೆ?"

"ನಾನು."

"ಬೇರೆ ಯಾರು?"

ಮೇಷ್ಟ್ರು ಅಡುಗೆಮನೆಯತ್ತ ನೋಡಿದರು. ಹೆಂಡತಿ ಲೀಲಮ್ಮ ಕೇಳಿಸದವಳಂತೆ ಒಗ್ಗರಣೆ ಹಾಕುತ್ತಿದ್ದಳು.

"ನಮ್ಮ ನಿಯಮ ಏನಂದ್ರೆ, ಮೂರು ಜನ ತಾವಾಗೇ ಆಡಿದ್ದನ್ನ ನಾವು ಕಿವಿಯಾರೆ ಕೇಳಬೇಕು. ಆ ಮೂವರ ಹೆಸರೂ ಪದದ ಕೆಳಗೆ ಅಚ್ಚಾಗುತ್ತೆ. ಈಗ ನೋಡಿ, 'ಜುಗಾಡಿಸು', ಇದ್ದದ್ದರಲ್ಲೇ ಹೇಗೋ ಕೆಲಸ ಸಾಗಿಸು ಅಂತ. ಕೆಳಗಿನ ಮನೆ ಬೋಜಮ್ಮ ಆಂಟಿ ಅಂದ್ರು. ಆಗಲೇ ಬಾಗಿಲಲ್ಲಿ ಲೀಲಮ್ಮ ಆಂಟಿನೂ ಅಂದ್ರು, ಬೆಲ್ ಕೆಟ್ಟಿತ್ತು, ಜುಗಾಡಿಸಿದೀನಿ ಅಂತ. ಇನ್ನೊಬ್ಬರು ಸಿಕ್ಕಿದ್ರೆ ಸಾಕು."

ಮೇಷ್ಟ್ರಿಗೆ ಮೈ ಉರಿಯಿತು. ಬಜಾರಿನ ಹಿಂದಿಗೆ ಕನ್ನಡದ ಬಾಲ ಅಂಟಿಸಿದ ಮಾತು ಒಳಗೆ, ತಮ್ಮ ಅರವತ್ತೆರಡೂ ಹೊರಗೆ!

"ಅದೂ ಒಂದು ಪದವೇನಮ್ಮ? ಮೂರನೆಯವರು ಈ ಮನೇಲಂತೂ ಸಿಗಲ್ಲ. ತಾಳು, ಪಟ್ಟಿ ನಾನೇ ಓದಿ ಹೇಳ್ತೀನಿ" ಎಂದು ಕನ್ನಡಕವನ್ನು ಸಿಟ್ಟಿನಿಂದ ಬಿಡಿಸಿದರು. ಅದರ ಒಂದು ಕಡ್ಡಿ ಕಿತ್ತು ಕೈಗೇ ಬಂತು. ಸ್ಕ್ರೂ ಸೋಫಾದಡಿಗೆ ಉರುಳಿತು.

"ಲೇ ಲೀಲಾ, ಕನ್ನಡಕ ಮುರೀತು ಕಣೇ! ಬೇಗ ಬಾ, ಏನಾದ್ರೂ ಜುಗಾಡಿಸು!"

ಲಾವಣ್ಯಾಳ ಪೆನ್ನು ಸರಸರನೆ ಓಡಿತು. ಲೀಲಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಅಚ್ಛಾ! ಏನು ಮಾಡ್ಬೇಕಂದ್ರಿ? ಇನ್ನೊಂದ್ಸಲ ಹೇಳ್ರೀ."

ಮೇಷ್ಟ್ರು ಮುರಿದ ಕನ್ನಡಕವನ್ನು ಮುಂದೆ ಚಾಚಿದರು. ಲೀಲಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಕಡ್ಡಿ ಜೋಡಿಸಿ, ಕನ್ನಡಕವನ್ನು ಗಂಡನ ಮೂಗಿನ ಮೇಲೆ ಕೂರಿಸಿದಳು. ಅವರು ಮೆಲ್ಲಗೆ ಬಗ್ಗಿ ಲಾವಣ್ಯಾಳ ಪುಸ್ತಕದಲ್ಲಿ ಇಣುಕಿದರು. ಜುಗಾಡಿಸು: ಬೋಜಮ್ಮ, ಲೀಲಮ್ಮ, ಶಂಕರ.

ಕನ್ನಡಕ ಸರಿಮಾಡಿಕೊಂಡು ಮತ್ತೆ ನೆಟ್ಟಗೆ ಕೂತರು.

"ಆ ಶಂಕರನ ಪಕ್ಕ ಎಂ.ಎ. ಅಂತ ಹಾಕಮ್ಮ."