ಶನಿವಾರದ ನಾಲ್ಕು ಚಕ್ರ

ಕಾರಿನ ಹಿಂದಿನ ಸೀಟಿನಲ್ಲಿದ್ದ ನಾಲ್ಕು ಚಕ್ರಗಳ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದ್ದಳು. ಆ ರಸ್ತೆಗೆ ತಿರುಗುವ ಮುನ್ನ ಎರಡು ಸಲ ಕನ್ನಡಿ ನೋಡಿದಳು. ಯಾರೂ ಇಲ್ಲ. ಅಪ್ಪನ ಪರಿಚಯದವರು ಒಬ್ಬರೇ ಒಬ್ಬರು ಕಂಡರೂ ಸಾಕು, ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ: ಮಗಳು ಟಿವಿಯವನ ಅಂಗಡಿಗೆ ಹೋಗಿದ್ದಳು!

ಟಿವಿಯವನು ಟಿವಿ ಮಾರುವವನಲ್ಲ. ಅಪ್ಪನ ಟೈರ್ ಅಂಗಡಿಯಲ್ಲೇ ಕೆಲಸ ಕಲಿತವನು. ಓಡುವಾಗ ಗಾಡಿ ನಡುಗದಂತೆ ಚಕ್ರದ ಭಾರ ಸಮ ಮಾಡಲು, ಅಂದರೆ ಬ್ಯಾಲೆನ್ಸ್ ಮಾಡಲು, ಅಪ್ಪನ ಹತ್ತಿರ ಇದ್ದದ್ದು ನಡುವೆ ಗಾಜಿನ ಬಿಲ್ಲೆಯಿರುವ ಒಂದು ಪೀಠ. ಚಕ್ರವನ್ನು ಅದರ ಮೇಲೆ ಮಲಗಿಸಬೇಕು. ಗಾಜಿನೊಳಗಿನ ಗಾಳಿಗುಳ್ಳೆ ನಟ್ಟನಡುವೆ ಬಂದು ನಿಲ್ಲುವ ತನಕ ಅಂಚಿಗೆ ಸೀಸದ ತುಂಡು ಬಡಿಯಬೇಕು. ಕಣ್ಣಿನ ಕೆಲಸ ಅದು. ಶಿಷ್ಯ ಸ್ವಂತ ಅಂಗಡಿ ಹಾಕಿದ, ಪರದೆಯಿರುವ ಮಷಿನ್ ತಂದ, "ಗುಳ್ಳೆ ಕಾಲ ಮುಗೀತು ಗುರುಗಳೇ" ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟ. "ಹೋಗಿ ನಿನ್ನ ಟಿವಿ ನೋಡ್ಕೊ" ಎಂದರು ಅಪ್ಪ. ಅಷ್ಟೇ. ಎಂಟು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಅಂಥವನ ಬಾಗಿಲಿಗೆ ಅವಳು ಬರುತ್ತಿರುವುದು ಇದು ಮೂರನೇ ಸಲ.

ವಾರವೆಲ್ಲ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಅವಳಿಗೆ ತಿಂಗಳಿಗೊಂದು ಭಾನುವಾರ ಹವ್ಯಾಸಿಗಳ ಕಾರ್ ರೇಸ್. ಅಲ್ಲಿ ಅರ್ಧ ಜನ ಬ್ಯಾಲೆನ್ಸಿಂಗ್ ಅಂದರೆ ನಗುತ್ತಾರೆ. "ಎಂಟು ಸುತ್ತಿನ ರೇಸಿಗೆ ಇದೆಲ್ಲ ಯಾಕೆ ತಾಯಿ? ಗಾಳಿ ಹೊಡಿ, ಹತ್ತು, ಓಡ್ಸು!" ಆದರೆ ಅವಳು ಅಪ್ಪನ ಮಗಳು. ಅಪ್ಪ ಕೈಯಾಡಿಸದ ಚಕ್ರದ ಮೇಲೆ ಅವಳು ಟ್ರ್ಯಾಕಿಗೆ ಇಳಿದವಳೇ ಅಲ್ಲ.

ಮೂರು ತಿಂಗಳ ಹಿಂದಿನ ರೇಸಿನ ನೇರ ದಾರಿಯಲ್ಲಿ ವೇಗ ನೂರಿಪ್ಪತ್ತು ದಾಟಿದ್ದೇ ತಡ, ಸ್ಟೀರಿಂಗ್ ಗಡಗಡ ನಡುಗಿತು. ತಿರುವಿನಲ್ಲಿ ಕಾರು ಮಾತು ಕೇಳಲಿಲ್ಲ. ತಡೆಗೋಡೆಗೆ ಒಂದು ಗೇಣು ಉಳಿದಿರುವಾಗ ಹೇಗೋ ನಿಂತಿತು. ಸಂಜೆ ಅಪ್ಪ ಕೇಳಿದಾಗ ಅವಳು, "ಬೆಣ್ಣೆ ಥರ ಓಡ್ತು ಅಪ್ಪ" ಎಂದಳು.

ಇನ್ನೇನು ಹೇಳಲಿ? ಅಪ್ಪ ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಡಲು ಹೋದದ್ದನ್ನು ಅವಳು ಕಂಡಿದ್ದಳು. ಅಂಗಡಿಗೆ ಗಿರಾಕಿ ಬರುವುದು ನಿಂತು ವರ್ಷವಾಗಿತ್ತು. ಅವಳ ಈ ನಾಲ್ಕು ಚಕ್ರಕ್ಕಾಗಿಯೇ ಆ ಮುದುಕ ಬೆಳಿಗ್ಗೆ ಎದ್ದು ಶಟರ್ ಎತ್ತುತ್ತಿದ್ದದ್ದು. ನಿಮಗೆ ಗುಳ್ಳೆ ಕಾಣುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

ಅದಕ್ಕೇ ಈ ಕಳ್ಳಾಟ. ಬುಧವಾರ ಚಕ್ರಗಳನ್ನು ಅಪ್ಪನಿಗೆ ಕೊಡುವುದು, ಶುಕ್ರವಾರ ತರುವುದು, ಶನಿವಾರ ಇಲ್ಲಿಗೆ. ಅಪ್ಪ ಈಗೀಗ ಕೆಲಸದ ಹೊತ್ತಿಗೆ ಅವಳನ್ನು ಅಂಗಡಿಯೊಳಗೆ ಸೇರಿಸುತ್ತಿರಲಿಲ್ಲ. ಸೀಸ ಬಿಟ್ಟು ಹೊಸ ನಮೂನೆಯ ಅಂಟಿಸುವ ತೂಕ ಹಚ್ಚತೊಡಗಿದ್ದರು. "ಕಾಲಕ್ಕೆ ತಕ್ಕ ಹಾಗೆ ನಾವೂ ಬದಲಾಗ್ಬೇಕಲ್ಲ," ಎಂದಿದ್ದರು. ನಿನ್ನೆಯಂತೂ ಅವಳ ಬೆನ್ನು ತಟ್ಟಿ, "ಎದುರಿಗೇ ನಿಂತು ನೋಡಿದೀನಿ, ಒಂದು ಗ್ರಾಂ ಆಚೀಚೆ ಇಲ್ಲ. ಧೈರ್ಯವಾಗಿ ಓಡ್ಸು," ಎಂದರು.

ಟಿವಿಯವನು ಎಂದಿನಂತೆ ಅವಳ ಮುಖ ನೋಡಲಿಲ್ಲ. ಗುರುದ್ರೋಹಿಗೆ ಗುರುಪುತ್ರಿಯ ಮುಖ ನೋಡಲು ನಾಚಿಕೆ ಇರಬೇಕು ಎಂದುಕೊಂಡಳು. ತಾನು ಮಾತ್ರ ಏನು ಮಹಾ!

"ಹೊರಗೆ ಕೂತ್ಕೋ ತಂಗಿ. ಹತ್ತೇ ನಿಮಿಷ," ಎಂದು ಚಕ್ರಗಳನ್ನು ಒಳಗೆ ಉರುಳಿಸಿಕೊಂಡು ಹೋದ.

ಹತ್ತೇ ನಿಮಿಷ. ಹೋದ ಸಲವೂ ಅಷ್ಟೇ. ಅಪ್ಪನಿಗೆ ಒಂದೊಂದು ಚಕ್ರಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು. ಮಷಿನ್ ಎಷ್ಟೇ ಚುರುಕಾಗಿರಲಿ, ತೂಕ ಅಂಟಿಸುವುದಕ್ಕಾದರೂ ಹೊತ್ತು ಬೇಡವೇ? ಅವಳು ಸದ್ದಿಲ್ಲದೆ ಒಳಗೆ ಹೋಗಿ ಅವನ ಬೆನ್ನ ಹಿಂದೆ ನಿಂತಳು.

ಚಕ್ರ ತಿರುಗಿ ನಿಂತಿತು. ಪರದೆಯ ಮೇಲೆ ಎಡಕ್ಕೆ ಸೊನ್ನೆ, ಬಲಕ್ಕೆ ಸೊನ್ನೆ. ಅವನು ಅದನ್ನು ಇಳಿಸಿ ಇನ್ನೊಂದನ್ನು ಹತ್ತಿಸಿದ. ಅದೂ ಸೊನ್ನೆ. ಒಂದು ಚೂರು ತೂಕ ಮುಟ್ಟಲಿಲ್ಲ.

"ಏನಣ್ಣ, ಏನೂ ಮಾಡ್ಲೇ ಇಲ್ವಲ್ಲ?"

ಅವನು ಬೆಚ್ಚಿಬಿದ್ದ. "ಮಾಡೋಕೆ ಏನೂ ಇಲ್ಲ ತಂಗಿ. ಸರಿಯಾಗೇ ಇದೆ."

"ಹೋದ ಸಲ?"

"ಆಗ್ಲೂ ಸರಿಯಾಗೇ ಇತ್ತು."

"ಅದರ ಹಿಂದಿನ ಸಲ?"

ಅವನು ತಲೆ ತಗ್ಗಿಸಿದ.

ಅವಳು ಅಲ್ಲೇ ಹಳೆಯ ಟೈರುಗಳ ಮೇಲೆ ಕೂತುಬಿಟ್ಟಳು. ಹಾಗಾದರೆ ಅಪ್ಪನ ಕಣ್ಣು ಸರಿಯಾಗಿಯೇ ಇದೆ! ಅವತ್ತು ಏನೋ ಒಂದು ಸಲ ಕೈ ತಪ್ಪಿತ್ತು, ಅಷ್ಟೇ. ಅದನ್ನೇ ದೊಡ್ಡದು ಮಾಡಿ, ಅಪ್ಪನನ್ನು ಮನಸ್ಸಿನಲ್ಲೇ ಕುರುಡನನ್ನಾಗಿ ಮಾಡಿ, ಅವರ ಶತ್ರುವಿನ ಬಾಗಿಲಿಗೆ ಕದ್ದು ಬಂದೆನಲ್ಲ! ನಾನೆಂಥ ಮಗಳು! ಮೂರು ತಿಂಗಳಿಂದ ಎದೆಯಲ್ಲಿ ಕೂತಿದ್ದ ಸಂಕಟ ಒಮ್ಮೆಲೇ ಉಕ್ಕಿ ಬಂತು. ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಮುಖ ಒರೆಸಿಕೊಂಡು ಎದ್ದಳು. "ಈಗ್ಲೇ ಹೋಗಿ ಎಲ್ಲಾ ಹೇಳ್ಬಿಡ್ತೀನಿ. ಅವರ ಕಣ್ಣಿನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು ಅಂತ ಕಾಲು ಹಿಡ್ಕೋತೀನಿ."

ಟಿವಿಯವನು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ. "ಬೇಡ ತಂಗಿ! ಕೈ ಮುಗೀತೀನಿ. ಅವರ ಹತ್ರ ಮಾತ್ರ ಬಾಯಿ ಬಿಡ್ಬೇಡ."

"ಯಾಕೆ? ನಿನಗೇನು ಕಷ್ಟ?"

"ನಾನು ಮಾತು ಕೊಟ್ಟಿದೀನಿ."

"ಯಾರಿಗೆ?"

"ಗುರುಗಳಿಗೆ," ಎಂದ ಅವನು, ಮೊದಲ ಸಲ ಅವಳ ಮುಖ ನೋಡುತ್ತಾ. "ಪ್ರತಿ ಸಲ ಗುರುವಾರ ನಾಲ್ಕೂ ಚಕ್ರ ಬಾಡಿಗೆ ಗಾಡಿಲಿ ಹಾಕ್ಕೊಂಡು ಬರ್ತಾರೆ ತಂಗಿ, 'ನಂಗೆ ಗುಳ್ಳೆ ಕಾಣ್ತಿಲ್ಲ ಕಣೋ, ನನ್ನ ಮಗಳಿಗೆ ಮಾತ್ರ ಹೇಳ್ಬೇಡ' ಅಂತ ಈ ಮಷಿನ್ ಮುಂದೆ ನಿಂತು ಕಣ್ಣೀರು ಹಾಕ್ತಾರೆ."